ಶೇಷಪ್ಪನ ಬಾಕಿ ಸೇವೆ

ಹೊಸನಗರದ ಬಸ್ ನಿಲ್ದಾಣದ ಹಿಂದೆ ಹಿಟ್ಟಿನ ಮಿಲ್ ಇಟ್ಟುಕೊಂಡಿರುವ ಶೇಷಪ್ಪ ಸೈನ್ಯದಿಂದ ನಿವೃತ್ತನಾದ ಸಂಗತಿ ಸೈನ್ಯಕ್ಕೆ ಗೊತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು.

ಅವನು ಇದ್ದದ್ದು ಟೆರಿಟೋರಿಯಲ್ ಆರ್ಮಿಯಲ್ಲಿ. ಊರಲ್ಲಿ ಒಂದು ಕಸುಬು ಇಟ್ಟುಕೊಂಡವರ ಸೈನ್ಯ ಅದು. ಕರೆದಾಗ ಹೋಗಿ ಸಮವಸ್ತ್ರ ಹಾಕಬೇಕು, ಕಳಿಸಿದಾಗ ಬಂದು ತಮ್ಮ ಕೆಲಸ ನೋಡಿಕೊಳ್ಳಬೇಕು. ಒಂದೊಂದು ವರ್ಷ ತಿಂಗಳೊಪ್ಪತ್ತಿನ ಕ್ಯಾಂಪು, ಒಂದೊಂದು ಸಲ ವರ್ಷಗಟ್ಟಲೆ ಡ್ಯೂಟಿ. ಹೀಗೆ ಹೋಗುತ್ತ ಬರುತ್ತ ಶೇಷಪ್ಪನಿಗೆ ಐವತ್ತು ಹತ್ತಿರವಾಗಿತ್ತು. ಅವನು ಊರಲ್ಲಿ ಇಲ್ಲದಾಗ ಮಿಲ್ ನೋಡಿಕೊಳ್ಳುತ್ತಿದ್ದವಳು ಹೆಂಡತಿ ತನುಜಾ. ಅವನು ಊರಲ್ಲಿ ಇದ್ದಾಗಲೂ ಹೆಚ್ಚುಕಡಿಮೆ ಅವಳೇ. ಶೇಷಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಗಿರಾಕಿಗಳಿಗೆ ಗಡಿಯ ಕಥೆ ಹೇಳುತ್ತಿದ್ದ. ಆ ಕಥೆಗಳಲ್ಲಿ ಮಂಜು ಬಹಳ ಇರುತ್ತಿತ್ತು. ಅವನೇನು ಮಾಡುತ್ತಿದ್ದ ಎಂಬುದು ಆ ಮಂಜಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ.

ನಿವೃತ್ತಿಯಾದದ್ದು ಹೀಗೆ. ಕಳೆದ ಸಲ ಡ್ಯೂಟಿ ಮುಗಿದ ದಿನ ಯೂನಿಟ್ಟಿನ ಕರ್ನಲ್ ಸಾಹೇಬರು ಅವನ ಕೈ ಕುಲುಕಿ, ಮನೆಗೆ ಹೋಗಿ ಆರಾಮಾಗಿರು ಎಂದು ಹಿಂದಿಯಲ್ಲಿ ಹೇಳಿದರು. ಅದೇ ಹೊತ್ತಿಗೆ ಯಾರಿಗೋ ಗಂಡುಮಗು ಹುಟ್ಟಿದ ಸುದ್ದಿ ಬಂದು ಎಲ್ಲರಿಗೂ ಲಾಡು ಹಂಚಿದರು. ಕೈ ಕುಲುಕಿದ್ದು, ಆರಾಮು, ಲಾಡು ಎಲ್ಲವನ್ನೂ ಕೂಡಿಸಿ ನೋಡಿದ ಶೇಷಪ್ಪನಿಗೆ ತನ್ನ ಸೇವೆ ಮುಗಿಯಿತೆಂದು ಖಾತ್ರಿಯಾಯಿತು. ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಒಂದಿಷ್ಟು ಅತ್ತ. ಊರಿಗೆ ಬಂದವನೇ ಮೀಸೆ ಬಿಟ್ಟ.

ಹೊಸನಗರದಲ್ಲಿ ಪೆನ್ಷನ್‌ದಾರನಿಗಿರುವ ಗೌರವ ಸಾಮಾನ್ಯದ್ದಲ್ಲ. ಪೇಟೆಯಲ್ಲಿ ಒಂದು ಕಲ್ಲುಬೆಂಚಿದೆ. ಸಂಜೆ ಅಲ್ಲಿ ಪೆನ್ಷನ್ ಬರುವವರು ಮಾತ್ರ ಕೂರುವುದು. ಹಾಗೆಂದು ಬೋರ್ಡು ಹಾಕಿಲ್ಲ. ಆದರೆ ಬೇರೆಯವರು ಕೂತರೆ ನಿವೃತ್ತ ಹಿಂದಿ ಮೇಷ್ಟ್ರು ಸುಬ್ಬಪ್ಪನವರು ಪಕ್ಕದಲ್ಲಿ ನಿಂತು, ಅವರು ಏಳುವ ತನಕ ಕೆಮ್ಮುತ್ತಾರೆ. ಇಂಥ ಬೆಂಚಿನಲ್ಲಿ ಶೇಷಪ್ಪನಿಗೆ ಜಾಗ ಸಿಕ್ಕಿತು. ಅದೂ ಆಲದ ನೆರಳು ಬೀಳುವ ತುದಿಯಲ್ಲಿ. ಪೆನ್ಷನ್ ಇನ್ನೂ ಬಂದಿರಲಿಲ್ಲ. ದಿಲ್ಲಿಯಿಂದ ಹೊರಟಿದೆ, ದಾರಿಯಲ್ಲಿದೆ ಎಂದು ಅವನು ಎಲ್ಲರಿಗೂ ಹೇಳಿದ್ದ.

ದಿಲ್ಲಿಯಿಂದ ಬಂದದ್ದು ಪೆನ್ಷನ್ ಅಲ್ಲ, ಒಂದು ಫೋನು. ಅದೂ ದಿಲ್ಲಿಯಿಂದ ಅಲ್ಲ, ಅವನ ಯೂನಿಟ್ಟಿನಿಂದ.

ಶೇಷಪ್ಪನ ಫೋನಿನ ಕಿವಿತೂತಿಗೆ ಹಿಟ್ಟು ಹೋಗಿ ವರ್ಷವಾಗಿತ್ತು. ಸ್ಪೀಕರ್ ಹಾಕದಿದ್ದರೆ ಏನೂ ಕೇಳುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಮಿಲ್ ಜೋರಾಗಿ ಓಡುತ್ತಿತ್ತು. ಪಕ್ಕದ ಮನೆಯ ಪ್ರಭಾವತಿ ಗೋಧಿ ಬೀಸಿಸಲು ಬಂದು ನಿಂತಿದ್ದಳು. ಯೂನಿಟ್ಟಿನ ಕಚೇರಿಯಲ್ಲಿ ಗುಮಾಸ್ತಿಕೆ ನೋಡುವ ಹವಾಲ್ದಾರರು ಫೋನಿನಲ್ಲಿ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ವಿಷಯ ತಿಳಿಸಿದರು. ನೀನು ನಿವೃತ್ತನಾಗಿಲ್ಲ, ನಿನ್ನನ್ನು ಮನೆಗೆ ಕಳಿಸಿದ್ದೇವೆ ಅಷ್ಟೆ. ಪೆನ್ಷನ್ನಿಗೆ ಹದಿನೈದು ವರ್ಷದ ಅರ್ಹ ಸೇವೆ ಬೇಕು. ಸಮವಸ್ತ್ರದಲ್ಲಿದ್ದ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ, ಮನೆಯಲ್ಲಿದ್ದ ದಿನ ಬರುವುದಿಲ್ಲ. ಕೂಡಿಸಿ ನೋಡಿದರೆ ಒಂದು ಮಳೆಗಾಲದಷ್ಟು ಕಡಿಮೆ ಬಿದ್ದಿದೆ. ಬರುವ ತಿಂಗಳು ಯೂನಿಟ್ಟನ್ನು ಮತ್ತೆ ಕರೆಯುತ್ತಿದ್ದಾರೆ. ವೈದ್ಯರ ಪರೀಕ್ಷೆಯಲ್ಲಿ ಪಾಸಾಗಿ ಬಂದರೆ ಬಾಕಿ ತುಂಬುತ್ತದೆ. ಇದು ತಪ್ಪಿದರೆ ನಿನ್ನ ವಯಸ್ಸಿಗೆ ಇನ್ನೊಂದು ಅವಕಾಶ ಇಲ್ಲ.

ಇಷ್ಟನ್ನೂ ಫೋನು ಕಿವಿಗೆ ಒತ್ತಿಕೊಂಡಿದ್ದ ಶೇಷಪ್ಪ ಒಬ್ಬನೇ ಕೇಳಿಸಿಕೊಂಡ, ಯಾಕೆಂದರೆ ಮಿಲ್ಲಿನ ಸದ್ದಿತ್ತು. ಗಂಡನ ಮುಖ ಹಿಟ್ಟಿಗಿಂತ ಬೆಳ್ಳಗಾದದ್ದನ್ನು ಕಂಡು ತನುಜಾ ಮೋಟರು ಆಫ್ ಮಾಡಿದಳು. ಬೆಲ್ಟು ನಿಂತು ಎಲ್ಲ ಮೌನವಾದಾಗ ಹವಾಲ್ದಾರರ ಕೊನೆಯ ಮಾತು ಸ್ವಚ್ಛವಾಗಿ ಕೇಳಿಸಿತು. “ಆಪ್ ಕೀ ಸೇವಾ ಪೂರೀ ನಹೀ ಹುಯೀ.”

ಪ್ರಭಾವತಿಗೆ ಹಿಂದಿ ಬಾರದಿದ್ದರೂ ಸೇವೆ ಎಂಬ ಮಾತು ತಿಳಿಯದೆ ಇರುವವಳಲ್ಲ. ಪೂರಿ ಎಂದರೆ ಪೂರ್ತಿ ಇರಬೇಕೆಂದು ಊಹಿಸಿದಳು.

“ಸೇವೆ ಪೂರ್ತಿ ಆಗ್ಲಿಲ್ಲ ಅಂದ್ರಲ್ಲ, ಶೇಷಪ್ಪಣ್ಣ. ಯಾವ ದೇವ್ರಿಗೆ ಹೇಳ್ಕೊಂಡಿದ್ರಿ?”

ಶೇಷಪ್ಪನ ಕಣ್ಣಿಗೆ ಆಲದ ನೆರಳಿನ ಬೆಂಚು ಕಾಣಿಸಿತು. ಸುಬ್ಬಪ್ಪ ಮೇಷ್ಟ್ರ ಕೆಮ್ಮು ಕೇಳಿಸಿತು. ಅವನು ಬೇಕೆಂದು ಸುಳ್ಳು ಹೇಳುವ ಮನುಷ್ಯನಲ್ಲ. ಯಾರಾದರೂ ಸುಳ್ಳನ್ನು ಕೈಗೆ ತಂದು ಕೊಟ್ಟರೆ ಬೇಡ ಎನ್ನುವ ಸ್ವಭಾವವೂ ಅವನದಲ್ಲ. ಗಡಿಯಲ್ಲಿದ್ದಾಗ ಒಂದು ಹರಕೆ ಹೊತ್ತಿದ್ದೆ, ಅದು ಬಾಕಿ ಉಳಿದಿದೆ ಎಂದುಬಿಟ್ಟ. ಹವಾಲ್ದಾರರಿಗೆ ಅದು ಹೇಗೆ ಗೊತ್ತು ಎಂದು ತನುಜಾ ಕೇಳಿದಳು. ಪಕ್ಕದಲ್ಲಿ ನಿಂತು ಅವರೂ ಹೊತ್ತಿದ್ದರು ಎಂದ.

“ಯಾವ ದೇವ್ರಿಗೆ ಅಂತ ಹೇಳಿ ಮತ್ತೆ.”

“ಗುಂಡು ಹಾರ್ತಿರುವಾಗ ಯಾವ ದೇವ್ರು ಅಂತೆಲ್ಲ ನೋಡ್ಲಿಕ್ಕೆ ಆಗ್ತದಾ ಮಾರಾಯ್ತಿ? ಕಣ್ಮುಚ್ಚಿ ದೇವ್ರೇ ಅಂದೆ, ಅಷ್ಟೆ.”

ಆ ಉತ್ತರ ತುಂಬ ಜಾಣತನದ್ದೆಂದು ಅವನಿಗೆ ಆಗ ಅನ್ನಿಸಿತು. ಅದರ ಪರಿಣಾಮವೇನೆಂದು ಹೆಂಗಸರಿಬ್ಬರಿಗೆ ತಕ್ಷಣ ಹೊಳೆಯಿತು. ಯಾವ ದೇವರೆಂದು ಗೊತ್ತಿಲ್ಲದ ಮೇಲೆ ಯಾವ ದೇವರನ್ನೂ ಬಿಡುವಂತಿಲ್ಲ.

ಪ್ರಭಾವತಿ ಮೊದಲು ಹುಂಚ ಎಂದಳು. ಅವರು ಜೈನರು, ಹುಂಚದ ಅಮ್ಮನವರಿಗೆ ತಲೆಮಾರಿನಿಂದ ನಡೆದುಕೊಂಡವರು. ಅಲ್ಲಿ ಹೇಳಿಕೊಂಡ ಹರಕೆ ಬಾಕಿ ಉಳಿಸಿಕೊಂಡವರು ಉದ್ಧಾರವಾದದ್ದನ್ನು ಅವಳು ನೋಡಿರಲಿಲ್ಲ. ಮಾರನೆಯ ದಿನವೇ ತನುಜಾಳ ತಮ್ಮ ಉಮೇಶ್ ತನ್ನ ಓಮ್ನಿ ತಂದು ನಿಲ್ಲಿಸಿದ. ಉಮೇಶನಿಗೆ ಕಾರಣ ಬೇಕಿರಲಿಲ್ಲ, ಎಲ್ಲಿಗೆ ಎಂದು ಹೇಳಿದರೆ ಸಾಕಿತ್ತು.

ಹುಂಚದಲ್ಲಿ ಶೇಷಪ್ಪ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದ. ಎಷ್ಟು ಹಾಕಬೇಕೆಂದು ಅವನು ಕೇಳಿದ್ದಕ್ಕೆ, ಹರಕೆ ಹೊತ್ತಾಗ ಎಷ್ಟು ಹೇಳಿದ್ದಿರೋ ಅಷ್ಟು ಎಂದಳು ಪ್ರಭಾವತಿ. ಅದೂ ನೆನಪಿಲ್ಲ ಎಂದ. ಹಾಗಾದರೆ ನಾನು ಸಾಕು ಅನ್ನುವವರೆಗೆ ಎಂದು ಅವಳು ನೆರಳಿನಲ್ಲಿ ಕೂತಳು. ಕೂತವಳಿಗೆ ಜಿನಶ್ರೀ ಎಂಬ ಹಳೆಯ ಗೆಳತಿ ಸಿಕ್ಕಿದಳು. ಇಬ್ಬರೂ ಮಾತಿಗಿಳಿದರು. ಗೆಳತಿಯ ಬಸ್ಸು ಬಂದಮೇಲೆಯೇ ಅವಳಿಗೆ ಶೇಷಪ್ಪನ ನೆನಪಾದದ್ದು. ಅಷ್ಟು ಹೊತ್ತಿಗೆ ಅವನು ನಡೆಯುತ್ತಿದ್ದನೋ ಬೀಳುತ್ತಿದ್ದನೋ ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಇಕ್ಕೇರಿ. ಅದು ಉಮೇಶನ ಸಲಹೆ. ಹಳೇ ಕಾಲದ ರಾಜರ ದೇವಸ್ಥಾನ, ಸೈನಿಕರು ಯುದ್ಧಕ್ಕೆ ಹೋಗುವಾಗ ಕೈಮುಗಿದು ಹೋಗುತ್ತಿದ್ದ ಜಾಗ, ಭಾವ ಅಲ್ಲಿಗೇ ಹೊತ್ತಿರಬೇಕು ಎಂದು ಅವನು ವಾದಿಸಿದ. ಅದು ಬಿಸಿಲೇರಿದ ಮಧ್ಯಾಹ್ನ. ಕಲ್ಲು ಕಾವಲಿಯಂತೆ ಕಾದಿತ್ತು. ಅಲ್ಲಿ ಶೇಷಪ್ಪನ ಪ್ರದಕ್ಷಿಣೆ ಬಹಳ ಬೇಗ ಮುಗಿಯಿತು. ಅಷ್ಟು ಚುರುಕಿನ ಭಕ್ತಿಯನ್ನು ತಾವು ಕಂಡಿಲ್ಲವೆಂದು ಬೆಂಗಳೂರಿನಿಂದ ಬಂದಿದ್ದ ಪ್ರವಾಸಿಗಳು ವಿಡಿಯೋ ಮಾಡಿಕೊಂಡರು.

ಈ ನಡುವೆ ಹವಾಲ್ದಾರರು ದಿನಾ ಫೋನ್ ಮಾಡುತ್ತಿದ್ದರು. ಶೇಷಪ್ಪ ದಿನಾ ಕತ್ತರಿಸುತ್ತಿದ್ದ. ಬರುವುದಿಲ್ಲ ಎಂದರೆ ಪೆನ್ಷನ್ ಹೋಯಿತು. ಬರುತ್ತೇನೆ ಎಂದರೆ ಊರಿಗೆ ಕಾರಣ ಹೇಳಬೇಕು. ಇವೆರಡರ ಮಧ್ಯೆ ಯಾವುದಾದರೂ ದಾರಿ ಇದ್ದೀತೆಂದು ಯೋಚಿಸಲು ಅವನಿಗೆ ಸ್ವಲ್ಪ ಸಮಾಧಾನ ಬೇಕಿತ್ತು. ಆದ್ದರಿಂದ ಮೂರನೆಯ ಸೇವೆಗೆ ಅವನೇ ಜಾಗ ಸೂಚಿಸಿದ. ತುಮರಿಯ ಕಡೆಯ ಅಮ್ಮನವರ ಗುಡಿಗೆ ಹೋಗೋಣ ಎಂದ. ಶರಾವತಿ ಹಿನ್ನೀರಿನ ಆಚೆ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಅವನು ಕೇಳಿದ್ದ. ಗಂಡ ತಾನಾಗಿ ಒಂದು ದೇವರ ಹೆಸರು ಹೇಳಿದ್ದು ಕೇಳಿ ತನುಜಾಳ ಕಣ್ಣು ತುಂಬಿ ಬಂತು.

ಹಿನ್ನೀರನ್ನು ಲಾಂಚಿನಲ್ಲಿ ದಾಟುವ ಕಾಲ ಆಗಿದ್ದರೆ ಅವನು ಬಚಾವಾಗುತ್ತಿದ್ದ. ಈಗ ಸೇತುವೆ ಆಗಿದೆ. ಎಲ್ಲರಂತೆ ಉಮೇಶನೂ ಸೇತುವೆಯ ನಡುಮಧ್ಯೆ ಓಮ್ನಿ ನಿಧಾನ ಮಾಡಿ, ಹಿನ್ನೀರು ನೋಡಿ ಎಂದ. ಅಲ್ಲಿ ಗಾಳಿಯೂ ಚೆನ್ನಾಗಿತ್ತು, ನೆಟ್‌ವರ್ಕೂ ಚೆನ್ನಾಗಿತ್ತು. ಫೋನು ಹೊಡೆದುಕೊಂಡಿತು. ಪಕ್ಕದಲ್ಲಿ ಕೂತಿದ್ದ ಶೇಷಪ್ಪ ಜೇಬಿಗೆ ಕೈ ಹಾಕುವ ಮೊದಲೇ ಉಮೇಶ್ ಫೋನು ತೆಗೆದು ಒತ್ತಿದ.

ಹವಾಲ್ದಾರರಿಗೆ ತಾಳ್ಮೆ ಕಡಿಮೆಯಾಗಿತ್ತು. ಸೇವೆಗೆ ಯಾವಾಗ ಬರುತ್ತೀ ಎಂದು ಒಂದೇ ಮಾತು ಕೇಳಿದರು. ಟಿವಿ ನೋಡಿ ಹಿಂದಿ ಕಲಿತಿದ್ದ ಉಮೇಶನಿಗೆ ಅದು ಪೂರ್ತಿ ಅರ್ಥವಾಯಿತು.

“ಸೇವಾ ಚಾಲೂ ಹೈ ಸಾಬ್,” ಎಂದ ಉಮೇಶ್. “ಭಾವ ಅಭೀ ಬ್ರಿಡ್ಜ್ ಪರ್ ಹೈ.”

ಸೇವೆ ನಡೆಯುತ್ತಿದೆ, ಭಾವ ಈಗ ಸೇತುವೆ ಮೇಲಿದ್ದಾರೆ ಎಂದು ಅದರರ್ಥ. ಯಾವ ಬ್ರಿಡ್ಜು, ಯಾರ ಹುಕುಂ ಮೇಲೆ ಎಂದು ಹವಾಲ್ದಾರರು ಕೇಳಿದರು. ಬಹಳ ದೊಡ್ಡ ಬ್ರಿಡ್ಜು, ಅಕ್ಕನ ಹುಕುಂ ಮೇಲೆ ಎಂದು ಉಮೇಶ್ ತಿಳಿಸಿದ. ಶೇಷಪ್ಪ ಫೋನು ಕಿತ್ತುಕೊಂಡು ಆಫ್ ಮಾಡಿದ. ಪಾಪ, ಎಷ್ಟು ಕಾಳಜಿಯ ಮನುಷ್ಯ, ನಮ್ಮ ಸೇವೆ ಎಲ್ಲಿಗೆ ಬಂತೆಂದು ಅಲ್ಲಿಂದ ವಿಚಾರಿಸುತ್ತಾರೆ ಎಂದು ತನುಜಾ ಹವಾಲ್ದಾರರ ಹೆಸರಿನಲ್ಲೂ ಒಂದು ಅರ್ಚನೆ ಮಾಡಿಸಿದಳು.

ಯೂನಿಟ್ಟಿನಲ್ಲಿ ಏನು ನಡೆಯಿತೆಂದು ಆಮೇಲೆ ತಿಳಿಯಿತು. ನಮ್ಮ ಶೇಷಪ್ಪನನ್ನು ಬೇರೆ ಯಾರೋ ಕರೆಸಿಕೊಂಡು ಸೇತುವೆ ಕಾಯಲು ನಿಲ್ಲಿಸಿದ್ದಾರೆ ಎಂದು ಹವಾಲ್ದಾರರು ಸುಬೇದಾರರಿಗೆ ವರದಿ ಮಾಡಿದರು. ಅದು ಕರ್ನಲ್ ಸಾಹೇಬರವರೆಗೂ ಹೋಯಿತು. ಸೇತುವೆ ಕಾದ ದಿನಗಳನ್ನು ಅರ್ಹ ಸೇವೆಗೆ ಹಿಡಿಯಬೇಕೋ ಬೇಡವೋ ಎಂದು ಅಲ್ಲಿ ಚರ್ಚೆಯಾಯಿತು.

ಇತ್ತ ಹೊಸನಗರದಲ್ಲಿ ಸುದ್ದಿ ಹಬ್ಬಿತ್ತು. ಮಿಲಿಟರಿಯವರು ಹರಕೆ ಲೆಕ್ಕ ಇಡುತ್ತಾರಂತೆ, ಬಾಕಿ ಇದ್ದರೆ ಫೋನ್ ಮಾಡುತ್ತಾರಂತೆ ಎಂದು ಜನ ಮಾತಾಡಿಕೊಂಡರು. ಈಗ ಎಲ್ಲಕ್ಕೂ ಆಧಾರ್ ಜೋಡಿಸಿರುವುದರಿಂದ ಹಾಗಾಗಿದೆ ಎಂದು ತಿಳಿದವರೊಬ್ಬರು ವಿವರಿಸಿದರು. ಕೆಲವರು ಹೆದರಿ ತಮ್ಮ ಹಳೆಯ ಹರಕೆಗಳನ್ನು ಸದ್ದಿಲ್ಲದೆ ತೀರಿಸಿ ಬಂದರು.

ಸುಬ್ಬಪ್ಪ ಮೇಷ್ಟ್ರು ಈ ವಿಷಯಕ್ಕೆ ತಲೆ ಹಾಕಿದ್ದು ಆಗ. ಅವರ ಮೂಲ ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಅಲ್ಲಿಯ ದೇವರು ಕೋಪಿಷ್ಠ, ಮರೆತ ಹರಕೆಗಳೆಲ್ಲ ಹೆಚ್ಚಾಗಿ ಅವನವೇ ಎಂದರು. ಅಲ್ಲಿ ಮಾಡಬೇಕಾದದ್ದು ಉರುಳುಸೇವೆ. ಬೆಂಚಿನ ಗೌರವ ಉಳಿಸಬೇಕಾದರೆ ಪೆನ್ಷನ್‌ದಾರರೆಲ್ಲ ಜೊತೆಗೆ ಹೋಗಬೇಕೆಂದು ಠರಾವಾಯಿತು. ಓಮ್ನಿ ಸಾಲದೆ ಒಂದು ಮಿನಿಬಸ್ಸು ಮಾಡಿದರು. ಸೇವೆ ಸಮಾಪ್ತಿಯೆಂದು ಮಧ್ಯಾಹ್ನದ ಊಟವನ್ನೂ ಇಟ್ಟುಕೊಂಡರು. ಹವಾಲ್ದಾರರು ಮೊದಲ ಫೋನಿನಲ್ಲೇ ಹೇಳಿದ್ದಂತೆ, ಅವರಿಗೆ ಉತ್ತರ ಕೊಡಲು ಅದೇ ಕೊನೆಯ ದಿನವೆಂದು ಗೊತ್ತಿದ್ದದ್ದು ಶೇಷಪ್ಪನೊಬ್ಬನಿಗೇ.

ಬೆಳಿಗ್ಗೆ ಕೆರೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಅವನು ದೇವಸ್ಥಾನದ ಅಂಗಳದಲ್ಲಿ ಅಡ್ಡ ಬಿದ್ದ. ಉಮೇಶ್ ಕಾಲಿನ ಕಡೆಯಿಂದ ತಳ್ಳುತ್ತಿದ್ದ. ಫೋನು ತನುಜಾಳ ಕೈಯಲ್ಲಿತ್ತು. ಮೂಲೆ ತಿರುಗುವ ಹೊತ್ತಿಗೆ ಅದು ಹೊಡೆದುಕೊಂಡಿತು.

ಹಿಂದಿ ಬಲ್ಲವರು ಪಕ್ಕದಲ್ಲೇ ಇರುವಾಗ ಯೋಚನೆ ಯಾಕೆಂದು ತನುಜಾ ಅದನ್ನು ಸುಬ್ಬಪ್ಪ ಮೇಷ್ಟ್ರಿಗೆ ಕೊಟ್ಟಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷ ಪಠ್ಯಪುಸ್ತಕದಿಂದ ಕಲಿಸಿದ ಹಿಂದಿಯಲ್ಲಿ, ತಾವು ಕೃಪೆಮಾಡಿ ತಮ್ಮ ಮಂತವ್ಯವನ್ನು ವ್ಯಕ್ತಪಡಿಸಬೇಕು ಎಂದು ಕೋರಿದರು. ಅಂಥ ಹಿಂದಿಯನ್ನು ಹವಾಲ್ದಾರರು ರೇಡಿಯೋದಲ್ಲಿ ಮಾತ್ರ ಕೇಳಿದ್ದರು. ಯಾರೋ ಮಂತ್ರಿಗಳೇ ಇರಬೇಕೆಂದು ಎದ್ದು ನಿಂತು, ಎಲ್ಲವನ್ನೂ ಮೊದಲಿನಿಂದ ನಿವೇದಿಸಿದರು. ಮೇಷ್ಟ್ರು ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಕನ್ನಡಕ್ಕೆ ತಿರುಗಿಸುತ್ತ ಹೋದರು. ತರಗತಿಯ ಅಭ್ಯಾಸ.

ಶೇಷಪ್ಪ ಉರುಳುತ್ತಿದ್ದ. ಮುಖ ಮೇಲಾದಾಗ ಕೇಳಿಸುತ್ತಿತ್ತು, ಕೆಳಗಾದಾಗ ಇಲ್ಲ. “ಇವರು ನಿವೃತ್ತರಾಗಿಲ್ಲ” ಎಂಬುದು ಕೇಳಿಸಿತು. ಮಣ್ಣು. “ಅರ್ಹ ಸೇವೆ ಕಡಿಮೆ, ಈಗ ಪೆನ್ಷನ್ ಇಲ್ಲ.” ಮಣ್ಣು. “ಸೇತುವೆ ಕಾಯಲು ಆಜ್ಞೆ ಕೊಟ್ಟವರು ಯಾರು.” ಇಲ್ಲಿ ಉಮೇಶ್ ತಳ್ಳುವುದನ್ನು ನಿಲ್ಲಿಸಿದ. ಆದರೆ ಶೇಷಪ್ಪ ನಿಲ್ಲಲಿಲ್ಲ. ಇನ್ನು ಉರುಳುತ್ತ ಹಾಗೇ ಮನೆಯವರೆಗೂ ಹೋಗುವುದೇ ಒಳ್ಳೆಯದೆಂದು ಅವನಿಗೆ ಅನ್ನಿಸುತ್ತಿತ್ತು.

ಹವಾಲ್ದಾರರು ಇನ್ನೊಂದು ಮಾತು ಸೇರಿಸಿದರು. ಅದನ್ನು ಮೇಷ್ಟ್ರು ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಆಮೇಲೆ ಅನುವಾದಿಸಿದರು. “ಇವರು ಹೋದ ಮೇಲೆ ಅಡುಗೆಮನೆ ಹಾಳು ಬಿದ್ದಿದೆಯಂತೆ. ಇನ್ನೂರು ಜನಕ್ಕೆ ಇವರಂತೆ ಅಡುಗೆ ಮಾಡುವವರು ಸಿಕ್ಕಿಲ್ಲವಂತೆ. ಕರ್ನಲ್ ಸಾಹೇಬರೇ ಶೇಷಪ್ಪನ ಸಾರು ಶೇಷಪ್ಪನ ಸಾರು ಅಂತಾರಂತೆ.”

 ಗಡಿಯ ಮಂಜೆಲ್ಲ ಒಗ್ಗರಣೆಯ ಹೊಗೆಯಾಗಿ ಎಲ್ಲರ ಕಣ್ಣಮುಂದೆ ಹಾದುಹೋಯಿತು. ಶೇಷಪ್ಪ ಮೆಲ್ಲಗೆ ಎದ್ದು ಕೂತ. ಮೀಸೆಯ ತುಂಬ ಕೆಸರು. ಪೆನ್ಷನ್‌ದಾರರು ಅವನ ಮೇಲೆ ಹೇಗೆ ಸಿಟ್ಟಾಗಬೇಕೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಭಾವತಿ ತಾನು ಇನ್ನೂರು ಪ್ರದಕ್ಷಿಣೆ ಹಾಕಿಸಬೇಕಿತ್ತು ಎಂದಳು.

ತನುಜಾಳಿಗೆ ಪೆನ್ಷನ್ನಿನ ಸುಳ್ಳಾಗಲಿ ಹರಕೆಯ ಸುಳ್ಳಾಗಲಿ ಅಷ್ಟು ದೊಡ್ಡದೆನಿಸಲಿಲ್ಲ. ಮದುವೆಯಾದಂದಿನಿಂದ ಈ ಮನುಷ್ಯ ಅವಳ ಮುಂದೆ ಒಂದು ಲೋಟ ಕಾಫಿ ಕಾಯಿಸಿದವನಲ್ಲ. ಅವಳು ಜ್ವರದಲ್ಲಿ ಮಲಗಿದ್ದಾಗ ಗ್ಯಾಸ್ ಹಚ್ಚುವುದು ಹೇಗೆ ಎಂದು ಕೇಳಿ, ಹಚ್ಚಲು ಹೆದರಿ, ಹೋಟೆಲಿನಿಂದ ಇಡ್ಲಿ ತಂದಿದ್ದ.

“ಇನ್ನೂರು ಜನಕ್ಕಾ?” ಎಂದಳು.

“ಕೆಲವು ಸಲ ಮುನ್ನೂರು,” ಎಂದ ಶೇಷಪ್ಪ. ಆ ಕ್ಷಣದಲ್ಲೂ ಅವನಿಗೆ ಹೆಮ್ಮೆ ತಡೆಯಲಾಗಲಿಲ್ಲ.

“ಇಲ್ಲಿ ಬಂದಿರೋದು ಮೂವತ್ತು. ಅಡುಗೆ ಭಟ್ರಿಗೆ ಕೂತ್ಕೊಳ್ಳಿ ಅಂತ ಹೇಳ್ತೀನಿ. ನೀವು ಪಂಚೆ ಬದಲಾಯಿಸ್ಕೊಂಡು ಒಲೆ ಹತ್ರ ಹೋಗಿ.” ಆಮೇಲೆ ಮೇಷ್ಟ್ರ ಕೈಯಿಂದ ಫೋನು ತೆಗೆದುಕೊಂಡು, “ಸಾಬ್, ಬರ್ತಾರೆ. ನಾನೇ ಬಸ್ ಹತ್ತಿಸ್ತೀನಿ,” ಎಂದು ಕನ್ನಡದಲ್ಲೇ ಹೇಳಿದಳು. ಹವಾಲ್ದಾರರು ಅದಕ್ಕೂ ಜೀ ಸಾಬ್ ಎಂದರು.

ಆ ಮಧ್ಯಾಹ್ನದ ಸಾರಿನ ಮೇಲೆ ಯಾರೂ ಸಿಟ್ಟು ಮಾಡಲು ಸಾಧ್ಯವಾಗಲಿಲ್ಲ. ಸುಬ್ಬಪ್ಪ ಮೇಷ್ಟ್ರು ಮೂರು ಸಲ ಹಾಕಿಸಿಕೊಂಡು, ಹುಸಿ ನುಡಿಯುವುದು ತಪ್ಪು ಎಂದು ಪ್ರತಿ ಸಲವೂ ಹೇಳಿದರು. ತನುಜಾ ಒಂದು ತುತ್ತು ತಿಂದು, ಏನೂ ಹೇಳದೆ, ಎಲೆಯ ಮೇಲೆ ಇನ್ನಷ್ಟು ಅನ್ನ ಹಾಕಿಸಿಕೊಂಡಳು. ಅವಳು ಏನೂ ಹೇಳದಿರುವುದನ್ನು ನೋಡಿ ಶೇಷಪ್ಪನಿಗೆ ಗಡಿಗೆ ಹೋಗುವುದೇ ಕ್ಷೇಮ ಅನ್ನಿಸಿತು.

ವೈದ್ಯರ ಪರೀಕ್ಷೆಯಲ್ಲಿ ಅವನು ಪಾಸಾದ. ದೇವಸ್ಥಾನ ಸುತ್ತಿ ಸುತ್ತಿ ಹೊಟ್ಟೆ ಇಳಿದಿತ್ತು. ಸೇತುವೆಯ ದಿನಗಳನ್ನು ಮಾತ್ರ ಯೂನಿಟ್ಟು ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಕಿ ಮಳೆಗಾಲವನ್ನು ಒಲೆಯ ಮುಂದೆ ಕಳೆದು, ಸೇವೆ ಪೂರ್ತಿ ಮಾಡಿ, ಈ ಸಲ ಎಲ್ಲರ ಸಹಿಯಿರುವ ಕಾಗದಗಳ ಸಮೇತ ನಿಜವಾಗಿ ನಿವೃತ್ತನಾಗಿ ಬಂದ. ಪೆನ್ಷನ್ನೂ ಶುರುವಾಯಿತು.

ಊರಿಗೆ ಬಂದ ಮೇಲೆ ಮಿಲ್ಲಿಗೆ ಹೋದ. ಬಾಗಿಲ ಬಳಿ ಅವನ ಕುರ್ಚಿ ಇರಲಿಲ್ಲ. ಅಲ್ಲಿ ಹೊಸ ಮೆಣಸಿನಪುಡಿ ಮಿಷನ್ ಕೂತಿತ್ತು. ಗಿರಾಕಿಗಳು ಸಾಲಾಗಿ ನಿಂತಿದ್ದರು. ಅವನಿದ್ದಾಗ ಅಷ್ಟು ಜನ ಯಾವತ್ತೂ ಬಂದಿರಲಿಲ್ಲ, ಬಂದವರೂ ಕಥೆ ಕೇಳಬೇಕಾಗುತ್ತದೆಂದು ಚೀಲ ಇಟ್ಟು ಓಡುತ್ತಿದ್ದರು. ತನುಜಾ ತಲೆಗೆ ಬಟ್ಟೆ ಕಟ್ಟಿಕೊಂಡು ಇಬ್ಬರು ಆಳುಗಳಿಗೆ ಕೆಲಸ ಹೇಳುತ್ತಿದ್ದಳು. ನೀವು ಈಗ ರಿಟೈರ್ ಆದವರು, ಹೋಗಿ ಬೆಂಚಲ್ಲಿ ಕೂತ್ಕೊಳ್ಳಿ ಎಂದಳು.

ಅವನು ಬೆಂಚಿಗೆ ಹೋಗಿ ಕೂತ. ಯಾರೂ ಕೆಮ್ಮಲಿಲ್ಲ. ಸುಬ್ಬಪ್ಪ ಮೇಷ್ಟ್ರು ತಮ್ಮ ಮಂಡಿನೋವಿನ ವಿಷಯ ಹೇಳಿದರು. ಇನ್ನೊಬ್ಬರು ತಮ್ಮ ಮಂಡಿನೋವಿನ ವಿಷಯ ಹೇಳಿದರು. ಗಡಿಯ ಕಥೆ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಈಗ ಸಾರಿನ ಪುಡಿಯ ಅಳತೆ ಮಾತ್ರ ಉಳಿದಿತ್ತು. ಒಂದು ವಾರ ಹೇಗೋ ಕಳೆಯಿತು. ಅವನ ಮಂಡಿಯೂ ನೋಯಲು ಶುರುವಾದಾಗ ಶೇಷಪ್ಪ ಎದ್ದು ಸೀದಾ ಮಿಲ್ಲಿಗೆ ಬಂದ.

“ಇಲ್ಲೇ ಏನಾದ್ರೂ ಕೆಲ್ಸ ಮಾಡ್ಕೊಂಡು ಇರ್ತೀನಿ ಮಾರಾಯ್ತಿ,” ಎಂದ.

ತನುಜಾ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಹತ್ತು ಕಿಲೋ ಮೆಣಸಿನಕಾಯಿಯ ಚೀಲವನ್ನು ಅವನ ಮುಂದೆ ಎಳೆದು, ತೊಟ್ಟು ಬಿಡಿಸಲು ಹೇಳಿದಳು.

“ಸಂಬಳ ಕೊಡ್ಲಿಕ್ಕೆ ಆಗಲ್ಲ. ನಿಮ್ಗೆ ಪೆನ್ಷನ್ ಬರ್ತದಲ್ಲ.”